ಲಿಬ್ರೆ ಆಫೀಸ್ ರೈಟರಿನ ಬುಲೆಟ್ ಮತ್ತು ಸಂಖ್ಯಾ ಪಟ್ಟಿಗಳು: ಎಂಟು ವರ್ಷ ಬಳಸಿದ ಮೇಲಿನ ಅನುಭವ

ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯ ಅನುದಾನಿತ ಹೈಸ್ಕೂಲೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವ ನಾನು, ಕಳೆದ ಎಂಟು ವರ್ಷಗಳಿಂದ ಪ್ರಶ್ನೆಪತ್ರಿಕೆ, ನೋಟೀಸು, ರಕ್ಷಕ-ಶಿಕ್ಷಕ ಸಂಘದ ಸಭೆಯ ನಡಾವಳಿ ಎಲ್ಲವನ್ನೂ ಲಿಬ್ರೆ ಆಫೀಸ್ ರೈಟರ್ ಎಂಬ ಬರಹದ ತಂತ್ರಾಂಶದಲ್ಲಿಯೇ ಸಿದ್ಧಪಡಿಸುತ್ತ ಬಂದಿದ್ದೇನೆ. ಇದು ನಾನು ಹುಡುಕಿ ಆರಿಸಿಕೊಂಡ ತಂತ್ರಾಂಶವಲ್ಲ. ಕೇರಳದಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾಗಿ 2017ರಲ್ಲಿ ‘ಕೈಟ್’ ಆದ ಯೋಜನೆಯು ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನೇ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದನ್ನು) ಒದಗಿಸುತ್ತಿರುವುದರಿಂದ, ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಇದ್ದದ್ದು ಇದೇ. ಹಾಗೆ ಕೈಗೆ ಬಂದದ್ದನ್ನು ಇಷ್ಟು ಕಾಲ ಬಳಸಿದ ಮೇಲೆ, ಅದರಲ್ಲಿ ನಾನು ದಿನವೂ ಮುಟ್ಟುವ ಒಂದೇ ಸೌಲಭ್ಯದ ಬಗ್ಗೆ, ಅಂದರೆ ಪಟ್ಟಿ ಮಾಡುವ ಸೌಲಭ್ಯದ ಬಗ್ಗೆ, ತುಸು ವಿವರವಾಗಿ ಬರೆಯಬೇಕೆನಿಸಿತು.

ಆರಂಭದ ಕೆಲಸ ಬಹಳ ಸುಲಭ. ಸಾಲಿನ ಮೊದಲಿಗೆ ಒಂದು ಅಡ್ಡಗೆರೆ, ಅದರ ಮುಂದೆ ಒಂದು ಸ್ಪೇಸ್ ಹಾಕಿ ವಿಷಯವನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಪಟ್ಟಿ ತಾನಾಗಿ ರೂಪುಗೊಳ್ಳುತ್ತದೆ. ಎಫ್12 ಒತ್ತಿದರೆ ಸಂಖ್ಯೆ, ಶಿಫ್ಟ್ ಜೊತೆಗೆ ಎಫ್12 ಒತ್ತಿದರೆ ಬುಲೆಟ್, ಅಂದರೆ ಅಂಶದ ಮೊದಲಿಗೆ ಬರುವ ಚುಕ್ಕೆಯಂಥ ಗುರುತು. ಅಂಶದ ಆರಂಭದಲ್ಲಿ ಟ್ಯಾಬ್ ಒತ್ತಿದರೆ ಅದು ಒಳಗಿನ ಹಂತಕ್ಕೆ ಸರಿಯುತ್ತದೆ, ಶಿಫ್ಟ್ ಟ್ಯಾಬ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ಹೀಗೆ ಹತ್ತು ಹಂತಗಳವರೆಗೆ ಹೋಗಬಹುದಾದರೂ ನನಗೆ ಮೂರಕ್ಕಿಂತ ಹೆಚ್ಚು ಎಂದೂ ಬೇಕಾಗಿಲ್ಲ. ಅರ್ಧ ಪುಟದ ನೋಟೀಸಿಗೆ ಇಷ್ಟು ತಿಳಿದಿದ್ದರೆ ಧಾರಾಳವಾಯಿತು.

ಆದರೆ ನಡಾವಳಿ ಅರ್ಧ ಪುಟಕ್ಕೆ ಮುಗಿಯುವುದಿಲ್ಲ. ಮೊದಲ ಎರಡು ವರ್ಷ ನಾನು ನಿರ್ಣಯಗಳ ಸಂಖ್ಯೆಯನ್ನು ಕೈಯಿಂದಲೇ ಟೈಪ್ ಮಾಡುತ್ತಿದ್ದೆ. ಒಮ್ಮೆ ಕರಡು ಸಿದ್ಧವಾದ ಮೇಲೆ, ಮಧ್ಯಾಹ್ನದ ಊಟದ ಅಡುಗೆ ಕೋಣೆಗೆ ಸಂಬಂಧಿಸಿದ ಒಂದು ನಿರ್ಣಯ ಬಿಟ್ಟುಹೋಗಿದೆ ಎಂದು ಮುಖ್ಯೋಪಾಧ್ಯಾಯರು ನೆನಪಿಸಿದರು. ಅದನ್ನು ಮೂರನೆಯದಾಗಿ ಸೇರಿಸಿ ಮುಂದಿನ ಸಂಖ್ಯೆಗಳನ್ನೆಲ್ಲ ತಿದ್ದಿದೆ. ಆದರೆ ಕೊನೆಯ ಪುಟದಲ್ಲಿದ್ದ ‘ನಿರ್ಣಯ 5ರಂತೆ ಖರ್ಚು ಮಾಡತಕ್ಕದ್ದು’ ಎಂಬ ವಾಕ್ಯ ನನ್ನ ಕಣ್ಣು ತಪ್ಪಿಸಿ ಹಾಗೆಯೇ ಉಳಿಯಿತು. ಮುಂದಿನ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಒಬ್ಬ ತಾಯಿ ಎದ್ದು ನಿಂತು, ‘ಮಾಷ್ಟ್ರೇ, ಐದನೆಯದು ಶಾಲಾ ವಾರ್ಷಿಕೋತ್ಸವದ ದಿನದ್ದಲ್ಲವಾ? ಖರ್ಚಿನದ್ದು ಆರನೆಯದು’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಹಣದ ವಿಷಯದಲ್ಲಿ ಅಂಥ ತಪ್ಪು ನಡಾವಳಿಯಲ್ಲಿ ಉಳಿಯಬಾರದು.

ಅಂದು ಸಂಜೆಯೇ ಕುಳಿತು ಪಟ್ಟಿಯ ಸ್ಟೈಲ್‌ಗಳನ್ನು, ಅಂದರೆ ಪಟ್ಟಿಯ ರೂಪವನ್ನು ಒಮ್ಮೆ ನಿಗದಿಪಡಿಸಿ ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಏರ್ಪಾಡನ್ನು, ಕಲಿತೆ. ನನ್ನ ಮಟ್ಟಿಗೆ ರೈಟರಿನ ನಿಜವಾದ ಬೆಲೆ ತಿಳಿದದ್ದು ಆಗಲೇ. ಎಫ್11 ಒತ್ತಿ ಸ್ಟೈಲ್‌ಗಳ ಫಲಕ ತೆರೆದು, ಪಟ್ಟಿಯ ವಿಭಾಗದಲ್ಲಿ ‘ನಿರ್ಣಯ’ ಎಂಬ ಹೆಸರಿನ ಹೊಸ ಸ್ಟೈಲ್ ಒಂದನ್ನು ಮಾಡಿದೆ. ಸಂಖ್ಯೆಯ ಹಿಂದೆ ಮತ್ತು ಮುಂದೆ ಏನು ಬರಬೇಕೆಂದು ತುಂಬಲು ಎರಡು ಚೌಕಗಳಿರುತ್ತವೆ. ಹಿಂದಿನದರಲ್ಲಿ ‘ನಿರ್ಣಯ’ ಎಂದೂ ಮುಂದಿನದರಲ್ಲಿ ಒಂದು ಚುಕ್ಕೆಯನ್ನೂ ಹಾಕಿದರೆ ಪ್ರತಿ ಅಂಶವೂ ‘ನಿರ್ಣಯ 1.’, ‘ನಿರ್ಣಯ 2.’ ಎಂದು ತಾನಾಗಿ ಬರುತ್ತದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ತಂತ್ರಾಂಶ ಮೊದಲ ಹಂತಕ್ಕೆ ತಾನಾಗಿ ಕೊಡುವ ಅಂಚು 1.27 ಸೆಂಟಿಮೀಟರು ಮಾತ್ರ. ಬರೇ ಒಂದು ಚುಕ್ಕೆಗೆ ಅದು ಸಾಕು, ‘ನಿರ್ಣಯ 12.’ ಎಂಬ ಉದ್ದಕ್ಕೆ ಸಾಲದು. ಮೊದಲ ಸಾಲು ಮುಂದಕ್ಕೆ ಹೋಗಿ, ಎರಡನೆಯ ಸಾಲು ‘ನಿರ್ಣಯ’ ಪದದ ನಡುವಿನ ಕೆಳಗೆ ಬಂದು ನಿಲ್ಲುತ್ತದೆ. ಪೊಸಿಷನ್ ಎಂಬ ವಿಭಾಗಕ್ಕೆ ಹೋಗಿ ಟ್ಯಾಬಿನ ಅಳತೆಯನ್ನೂ ಅಂಚಿನ ಅಳತೆಯನ್ನೂ ಒಂದೇ ಸಂಖ್ಯೆಗೆ ತಂದರೆ ಎಲ್ಲ ಸಾಲುಗಳೂ ಒಂದೇ ನೇರದಲ್ಲಿ ಬರುತ್ತವೆ. ನಾನು 2.8 ಸೆಂಟಿಮೀಟರು ಇಟ್ಟುಕೊಂಡಿದ್ದೇನೆ. ಸ್ಪೇಸ್ ಒತ್ತಿ ಒತ್ತಿ ಸಾಲುಗಳನ್ನು ಸರಿಹೊಂದಿಸುವ ಅಭ್ಯಾಸ ನಮ್ಮಲ್ಲಿ ತುಂಬ ಜನರಿಗಿದೆ. ಫಾಂಟು ಬದಲಾದ ಕೂಡಲೇ ಆ ಶ್ರಮವೆಲ್ಲ ವ್ಯರ್ಥವಾಗುತ್ತದೆ, ಅಳತೆಯಿಂದ ಹೊಂದಿಸಿದ್ದು ಅಲುಗುವುದಿಲ್ಲ.

ಇನ್ನು ಆ ‘ನಿರ್ಣಯ 5ರಂತೆ’ ಎಂಬ ಮಾತು. ಅದನ್ನು ಈಗ ನಾನು ಟೈಪ್ ಮಾಡುವುದಿಲ್ಲ. ಇನ್ಸರ್ಟ್ ಮೆನುವಿನ ಕ್ರಾಸ್ ರೆಫರೆನ್ಸ್‌ಗೆ ಹೋಗಿ, ಸಂಖ್ಯೆ ಇರುವ ಪ್ಯಾರಾಗಳ ಪಟ್ಟಿಯಿಂದ ಬೇಕಾದ ನಿರ್ಣಯವನ್ನು ಆರಿಸಿ ಅದರ ಸಂಖ್ಯೆಯನ್ನು ಸೇರಿಸುತ್ತೇನೆ. ನಡುವೆ ಎಷ್ಟು ನಿರ್ಣಯಗಳು ಸೇರಿದರೂ ಬಿಟ್ಟುಹೋದರೂ ಎಫ್9 ಒತ್ತಿದರೆ ಉಲ್ಲೇಖ ಸರಿಯಾದ ಸಂಖ್ಯೆಗೆ ಬರುತ್ತದೆ. ಆರು ವರ್ಷಗಳಲ್ಲಿ ಇದು ಒಮ್ಮೆಯೂ ನನಗೆ ಕೈಕೊಟ್ಟಿಲ್ಲ. ಒಂದು ನಿರ್ಣಯದ ಕೆಳಗೆ ಸಂಖ್ಯೆ ಇಲ್ಲದ ವಿವರಣೆಯ ಪ್ಯಾರಾ ಬೇಕಾದರೆ, ಸಂಖ್ಯೆಯಿಲ್ಲದ ಅಂಶವನ್ನು ಸೇರಿಸುವ ಗುಂಡಿಯೂ ಪಟ್ಟಿಯ ಟೂಲ್‌ಬಾರಿನಲ್ಲಿದೆ. ಅಂಶದ ಮೊದಲಿಗೆ ಬ್ಯಾಕ್‌ಸ್ಪೇಸ್ ಒತ್ತಿದರೂ ಸಂಖ್ಯೆ ಹೋಗಿ ಅಂಚು ಉಳಿಯುತ್ತದೆ. ಅಂಶಗಳ ಕ್ರಮವನ್ನು ಬದಲಿಸಲು ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣವನ್ನು ಒತ್ತಿದರಾಯಿತು, ಕತ್ತರಿಸಿ ಅಂಟಿಸಬೇಕಾಗಿಲ್ಲ.

ಕನ್ನಡದಲ್ಲಿ ಪಟ್ಟಿ ಮಾಡುವವರು ಬೇರೆ ಕೆಲವು ಸಂಗತಿಗಳನ್ನು ತಿಳಿದಿರಬೇಕು. ರೈಟರಿನಲ್ಲಿ ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೂ ಕನ್ನಡದಂಥ ಸಂಕೀರ್ಣ ಲಿಪಿಗೂ ಫಾಂಟು ಮತ್ತು ಗಾತ್ರವನ್ನು ಬೇರೆಬೇರೆಯಾಗಿ ನಿಗದಿಪಡಿಸುವ ಏರ್ಪಾಡಿದೆ. ಕನ್ನಡ ಮತ್ತು ಇಂಗ್ಲಿಷ್ ಬೆರೆತ ಪಟ್ಟಿಯಲ್ಲಿ ಒಂದನ್ನು ಮಾತ್ರ ತಿದ್ದಿ ಇನ್ನೊಂದನ್ನು ಮರೆತರೆ ಅಕ್ಷರಗಳು ದೊಡ್ಡದು ಸಣ್ಣದಾಗಿ ಕಾಣುತ್ತವೆ. ಪ್ಯಾರಾ ಸ್ಟೈಲ್‌ನಲ್ಲಿ ಎರಡನ್ನೂ ತುಂಬಿಬಿಡುವುದು ಒಳ್ಳೆಯದು. ಸಾಲುಗಳ ಅಂತರವನ್ನು ನಿಶ್ಚಿತ ಅಳತೆಗೆ ಇಟ್ಟು ಪುಟ ಉಳಿಸಲು ಹೋದರೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವ ಸಾಧ್ಯತೆಯಿದೆ. ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ‘ರಾಷ್ಟ್ರ’ ಎಷ್ಟು ಸಲ ಬರುತ್ತದೆಂದು ಹೇಳಬೇಕಾಗಿಲ್ಲ.

ಹಳೆಯ ಆಸ್ಕಿ ಫಾಂಟಿನಲ್ಲಿರುವ ಪ್ರಶ್ನೆಗಳನ್ನು ತಂದು ಅಂಟಿಸುವವರು ಇನ್ನಷ್ಟು ಜಾಗ್ರತೆಯಿಂದಿರಬೇಕು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ, ಸಣ್ಣಕ್ಷರದ ‘ಎ’ಯಿಂದ ಆರಂಭವಾಗುವ ಉಪಪ್ರಶ್ನೆಗಳ ಪಟ್ಟಿ ಮಾಡಿದಾಗ ನನಗೆ ಮೊದಲ ಸಾಲಿನಲ್ಲಿ ‘ಚಿ’ ಎಂಬ ಅಕ್ಷರ ಕಾಣಿಸಿತು. ಫಾಂಟು ಕೆಟ್ಟಿದೆ ಎಂದು ನಾನು ತಪ್ಪು ತಿಳಿದಿದ್ದೆ. ಪಠ್ಯವನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸ್ಥಾನಗಳಿರುವ ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಎಲ್ಲವೂ ಸರಿಯಾಯಿತು.

ಬೇರೆ ತಂತ್ರಾಂಶಕ್ಕೆ ಕಡತ ಕಳುಹಿಸುವಾಗಲೂ ಎಚ್ಚರ ಬೇಕು. ಕಲೋತ್ಸವದ ಸೂಚನೆಗಳಿಗೆ ಹೂವಿನಾಕಾರದ ಬುಲೆಟ್ ಹಾಕಿ, ವರ್ಡ್ ತಂತ್ರಾಂಶದ ಡಾಕ್ಸ್ ರೂಪದಲ್ಲಿ ಪೇಟೆಯ ಒಂದು ಅಂಗಡಿಗೆ ಕಳುಹಿಸಿದ್ದೆ. ಆ ಫಾಂಟು ಅಲ್ಲಿರಲಿಲ್ಲವಾದ್ದರಿಂದ ಪ್ರತಿ ಸಾಲಿನ ಮೊದಲಿಗೂ ಖಾಲಿ ಚೌಕ ಮುದ್ರಣವಾಗಿ, ಇನ್ನೂರು ಪ್ರತಿಗಳನ್ನು ಮತ್ತೆ ತೆಗೆಸಬೇಕಾಯಿತು. ಈಗ ಸಾದಾ ದುಂಡು ಚುಕ್ಕೆಯನ್ನೇ ಬಳಸುತ್ತೇನೆ ಮತ್ತು ಮುದ್ರಣಕ್ಕೆ ಪಿಡಿಎಫ್ ಮಾತ್ರ ಕೊಡುತ್ತೇನೆ, ಏಕೆಂದರೆ ಅದರೊಳಗೆ ಫಾಂಟೂ ಸೇರಿರುತ್ತದೆ.

ನನಗೆ ಇನ್ನೂ ಸಿಗದೆ ಇರುವುದು ಒಂದಿದೆ. ‘ಕಾಸರಗೋಡು ಜಿಲ್ಲೆ ರೂಪುಗೊಂಡ ವರ್ಷ ಯಾವುದು?’ ಎಂಬ ಪ್ರಶ್ನೆಯ ಕೆಳಗೆ 1956, 1973, 1980, 1984 ಎಂಬ ಆಯ್ಕೆಗಳನ್ನು ಕೊಡುವಾಗ ಅವುಗಳ ಮುಂದೆ ಅ, ಆ, ಇ, ಈ ಎಂದು ಬರಬೇಕು. ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುವುದು ಹಾಗೆಯೇ. ಸಂಖ್ಯೆಯ ಬಗೆಗಳಲ್ಲಿ ಗ್ರೀಕ್, ಹೀಬ್ರೂ, ನೇಪಾಳಿ ಕ್ರಮಗಳಿವೆ, ಕನ್ನಡ ವರ್ಣಮಾಲೆಯ ಕ್ರಮ ಮಾತ್ರ ಇಲ್ಲ. ಇದು ಎಲ್ಲರೂ ಸೇರಿ ಬೆಳೆಸುತ್ತಿರುವ ತಂತ್ರಾಂಶವಾದ್ದರಿಂದ, ಈ ಕೆಲಸ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಸೇರಿಸಿದರೆ ನನ್ನಂಥ ನೂರಾರು ಅಧ್ಯಾಪಕರಿಗೆ ಉಪಕಾರವಾದೀತು. ಅಲ್ಲಿಯವರೆಗೆ ನಾನು ಗೆರೆಗಳಿಲ್ಲದ ಎರಡು ಕಂಬಗಳ ಟೇಬಲ್ ಮಾಡಿ, ಎಡಗಡೆ ಅಕ್ಷರವನ್ನು ಕೈಯಿಂದಲೇ ಟೈಪ್ ಮಾಡಿ, ಅದನ್ನು ಟೆಂಪ್ಲೇಟಾಗಿ ಉಳಿಸಿಕೊಂಡು ಪ್ರತಿ ಪರೀಕ್ಷೆಗೂ ಬಳಸುತ್ತಿದ್ದೇನೆ.