ಹೆಪಾರಿನ್ ಹಿಡಿತ ಅಳೆಯಲು ನನ್ನ ಆಯ್ಕೆ ಐಟಿಸಿ, ಎಸ್‌ಪಿಆರ್ ಅಲ್ಲ

ಎಫ್‌ಜಿಎಫ್-2 ಅನ್ನೋ ಬೆಳವಣಿಗೆಯ ಪ್ರೋಟೀನ್ ಹೆಪಾರಿನ್ ಅನ್ನೋ ಉದ್ದನೆಯ ಸಕ್ಕರೆ ಸರಪಳಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ? ಇದನ್ನು ನೋಡಲು ಹೆಪಾರಿನ್ ಕಾಲಂ (ಹೆಪಾರಿನ್ ಅಂಟಿಸಿದ ಮಣಿಗಳ ಕೊಳವೆ), ಎಸ್‌ಪಿಆರ್ (ಚಿಪ್ ಮೇಲೆ ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ), ಐಟಿಸಿ (ಬೆರೆಸಿದಾಗಿನ ಶಾಖ ಅಳೆಯುವ ವಿಧಾನ) ಮೂರನ್ನೂ ಬಳಸಿದ್ದೇನೆ. ಒಂದೇ ಸಾಕು ಎಂದರೆ ಕಣ್ಣು ಮುಚ್ಚಿ ಐಟಿಸಿ ಎನ್ನುತ್ತೇನೆ.

ಕಾಲಂ ಶುದ್ಧೀಕರಣಕ್ಕೆ ಬಹಳ ಒಳ್ಳೆಯದು. ಅದೇ ಕುಟುಂಬದ ಎಫ್‌ಜಿಎಫ್-1 ಸುಮಾರು 1 ಮೋಲಾರ್ ಉಪ್ಪಿಗೆ ಕಳಚಿಕೊಳ್ಳುತ್ತದೆ, ಎಫ್‌ಜಿಎಫ್-2ಕ್ಕೆ ಸುಮಾರು 1.5 ಬೇಕು. ಅದಕ್ಕಿಂತ ಜಾಸ್ತಿ ಅದರಿಂದ ತಿಳಿಯುವುದಿಲ್ಲ.

ತಲೆನೋವು ಕೊಟ್ಟಿದ್ದು ಎಸ್‌ಪಿಆರ್. ಚಿಪ್ ಮೇಲೆ ಹೆಪಾರಿನ್ ಕೂರಿಸಿ ಪ್ರೋಟೀನ್ ಹರಿಸಿದರೆ ಗೆರೆ ಚೆನ್ನಾಗಿ ಏರುತ್ತದೆ. ಆಮೇಲೆ ಬರೀ ಬಫರ್ ಬಿಟ್ಟಾಗ ಪ್ರೋಟೀನ್ ಬಿಟ್ಟುಹೋಗಿ ಗೆರೆ ಇಳಿಯಬೇಕು, ಅಲ್ವಾ? ಅದು ಹೆಚ್ಚುಕಮ್ಮಿ ಇಳಿಯುವುದೇ ಇಲ್ಲ. ನೋಡಿದವರಿಗೆ ಹಿಡಿತ ಭಾರೀ ಬಿಗಿ ಅನ್ನಿಸುತ್ತದೆ. ನಿಜಕ್ಕೂ ಆಗುವುದು ಬೇರೆ. ಒಂದು ಸರಪಳಿಯಿಂದ ಬಿಡಿಸಿಕೊಂಡ ಪ್ರೋಟೀನ್, ಹರಿವಿಗೆ ಸಿಗುವ ಮೊದಲೇ ಪಕ್ಕದ ಸರಪಳಿಗೆ ಸಿಕ್ಕಿಕೊಳ್ಳುತ್ತದೆ. ಹೆಪಾರಿನ್‌ನಲ್ಲಿ ಎರಡೆರಡು ಸಕ್ಕರೆಯ ಘಟಕ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನ ಘಟಕಗಳಲ್ಲಿ ಋಣ ವಿದ್ಯುದಂಶದ ಮೂರು ಸಲ್ಫೇಟ್ ಗುಂಪುಗಳು. ಅಂದರೆ ಹಿಡಿಯಲು ಜಾಗ ಎಲ್ಲೆಲ್ಲೂ ಇದೆ.

ಹರಿವು ಹೆಚ್ಚಿಸಿದರೆ ಇಳಿಯುವ ವೇಗವೂ ಬದಲಾಗುತ್ತದೆ. ಅದು ಬರೀ ಬಂಧದ ಗುಣವಾಗಿದ್ದರೆ ಹೀಗಾಗಬಾರದು. ಕೊನೆಗೆ, ಬಿಡಿಸಿಕೊಂಡ ಪ್ರೋಟೀನ್ ಮತ್ತೆ ಚಿಪ್‌ಗೆ ಸಿಕ್ಕದಂತೆ ಹಿಡಿದುಕೊಳ್ಳಲಿ ಎಂದು, ತೊಳೆಯುವ ಬಫರ್‌ಗೇ ಬಿಡಿ ಹೆಪಾರಿನ್ ಬೆರೆಸಿದೆ. ಗೆರೆ ಸರ್ರನೆ ಇಳಿಯಿತು! ಅಲ್ಲಿಗೆ ಸಂಶಯ ಮುಗಿಯಿತು. ಇದು ಸಾಲದು ಎಂಬಂತೆ, ಚಿಪ್ ಮೇಲಿನ ಲೇಪ, ಕಾರ್ಬಾಕ್ಸಿಮೀಥೈಲ್ ಡೆಕ್ಸ್‌ಟ್ರಾನ್ ಕೂಡ ಋಣ ವಿದ್ಯುದಂಶದ್ದೇ. ಧನ ವಿದ್ಯುದಂಶ ಜಾಸ್ತಿ ಇರುವ ಎಫ್‌ಜಿಎಫ್-2 ಅದಕ್ಕೂ ಅಂಟುತ್ತದೆ. ಹೆಪಾರಿನ್ ಇಲ್ಲದ ಚಾನೆಲ್‌ನ ಅಳತೆಯನ್ನು ಕಳೆಯದೆ ಯಾವ ಸಂಖ್ಯೆಯನ್ನೂ ನಂಬಬೇಡಿ.

ಜೀವಕೋಶದ ಮೇಲಿನ, ಹೆಪಾರಿನ್‌ನ ಹತ್ತಿರದ ಸಂಬಂಧಿ ಹೆಪರಾನ್ ಸಲ್ಫೇಟ್ ಕೂಡ ಒತ್ತೊತ್ತಾಗಿಯೇ ಇರುತ್ತದೆ. ಅಲ್ಲಿಯೂ ಪ್ರೋಟೀನ್ ಹೀಗೇ ಮತ್ತೆ ಮತ್ತೆ ಸಿಕ್ಕಿಕೊಳ್ಳಬಹುದು. ಆ ಪ್ರಶ್ನೆಗೆ ಎಸ್‌ಪಿಆರ್ ಸರಿ. ನನ್ನ ಪ್ರಶ್ನೆ ಮಾತ್ರ ಒಂದು ಪ್ರೋಟೀನ್, ಒಂದು ಚಿಕ್ಕ ಸರಪಳಿಯದ್ದು.

ಐಟಿಸಿಯಲ್ಲಿ ಪ್ರೋಟೀನ್, ಹೆಪಾರಿನ್ ಎರಡೂ ದ್ರಾವಣದಲ್ಲಿ ಬಿಡಿಯಾಗಿರುತ್ತವೆ. ಹನಿ ಹನಿಯಾಗಿ ಬೆರೆಸಿದಾಗ ಬರುವ ಶಾಖದಿಂದ ಹಿಡಿತ, ಎಂಥಾಲ್ಪಿ (ಬಂಧದ ಶಾಖ), ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಒಟ್ಟಿಗೇ ಸಿಗುತ್ತವೆ. ಉಪ್ಪು ವಿದ್ಯುದಂಶದ ಸೆಳೆತವನ್ನು ಕುಗ್ಗಿಸುವುದರಿಂದ, ಅದರ ಪ್ರಮಾಣ ಬದಲಿಸುತ್ತಾ ಅಳೆದರೆ ಇನ್ನೂ ಚೆಂದ. 1994ರಲ್ಲಿ ಪ್ರಕಟವಾದ ಇಂಥ ಅಳತೆಗಳ ಪ್ರಕಾರ ಬಂಧದ ಶಕ್ತಿಯಲ್ಲಿ ವಿದ್ಯುದಂಶದ ಸೆಳೆತದ ಪಾಲು ಸುಮಾರು 30% ಮಾತ್ರ. ಉಳಿದದ್ದರಲ್ಲಿ ಹೈಡ್ರೋಜನ್ ಬಂಧದಂಥವುಗಳ ಪಾಲು ದೊಡ್ಡದು. 1996ರ ಹರಳಿನ ರಚನೆಯಲ್ಲೂ ಸಲ್ಫೇಟ್ ಸುತ್ತ ಧನ ವಿದ್ಯುದಂಶದ ಅಮೈನೋ ಆಮ್ಲಗಳಾದ ಲೈಸಿನ್, ಆರ್ಜಿನಿನ್ ಜೊತೆಗೆ ವಿದ್ಯುದಂಶವೇ ಇಲ್ಲದ ಅಸ್ಪಾರಜಿನ್, ಗ್ಲುಟಮಿನ್ ಕಾಣುತ್ತವೆ. ಪ್ಲಸ್-ಮೈನಸ್ ಸೆಳೆತ ಅಷ್ಟೇ ಎಂದು ಸುಮ್ನೆ ಹೇಳುವವರಿಗೆ ನಾನು ತೋರಿಸುವುದು ಇದನ್ನೇ.

ಐಟಿಸಿಗೆ ಪ್ರೋಟೀನ್ ತುಂಬಾ ಬೇಕು. ಪ್ರೋಟೀನ್, ಹೆಪಾರಿನ್ ಎರಡನ್ನೂ ಒಂದೇ ಬಫರ್‌ನಲ್ಲಿ ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ದ್ರಾವಣ ಬದಲಿಸಿ) ಸರಿಹೊಂದಿಸಲೇಬೇಕು. ನಾವು ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿಕೊಳ್ಳುವುದರಿಂದ ಕೊರತೆಯಿಲ್ಲ. ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಳ್ಳುವವರು ಎಸ್‌ಪಿಆರ್‌ಗೇ ಹೋಗಿ. ಆದರೆ ಹೆಪಾರಿನ್ ಅನ್ನು ಚಿಪ್ ಮೇಲೆ ತೆಳ್ಳಗೆ ಕೂರಿಸಿ, ತೊಳೆಯುವ ಬಫರ್‌ಗೆ ಬಿಡಿ ಹೆಪಾರಿನ್ ಸೇರಿಸಿ.