ಟಾರ್ಷನ್ ಬಾರ್ ಲಿಫ್ಟ್ ಕೀ: 2 ಇಂಚಿಗೆ ಸೈ, 3ಕ್ಕೆ ಬೇಡ

ಪಿಕಪ್‌ನ ಮುಂಭಾಗ ಎತ್ತರಿಸುವ ಈ ಸೆಟ್‌ನಲ್ಲಿ ಇರುವುದು ಎರಡು ಕೀ ಮಾತ್ರ, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನಂತೆ ಭಾರ ಹೊರುವ ಟಾರ್ಷನ್ ಬಾರ್ ಎಂಬ ಸರಳಿನ ತುದಿ ಹಿಡಿಯುವ ತುಂಡುಗಳು. ಒಳಗಿನ ಆರು ಮೂಲೆಯ ತೂತಿನ ಕೋನ ಬದಲಿಸಿರುವುದರಿಂದ ಕೀಯನ್ನು ಒತ್ತಿ ಎತ್ತರ ಹೊಂದಿಸುವ ಅಡ್ಜಸ್ಟರ್ ಬೋಲ್ಟನ್ನು ಪೂರ್ತಿ ಬಿಗಿಯದೆಯೇ 2 ಇಂಚು ಸಿಗುತ್ತದೆ. ಪೆಟ್ಟಿಗೆಯ ಮೇಲಿನ 3 ಇಂಚನ್ನು ನಂಬಬೇಡಿ. ಅಷ್ಟು ಎತ್ತಿದರೆ ಚಕ್ರ ಹಿಡಿದಿರುವ ಮೇಲಿನ ತೋಳು (ಕಂಟ್ರೋಲ್ ಆರ್ಮ್), ಚಕ್ರ ಇನ್ನೂ ಕೆಳಗಿಳಿಯದಂತೆ ತಡೆಯುವ ಡ್ರೂಪ್ ಸ್ಟಾಪ್‌ಗೆ ತಾಗಿಕೊಂಡೇ ಇರುತ್ತದೆ. ಗುಂಡಿ ಸಿಕ್ಕಾಗಲೆಲ್ಲ ಟಕ್ ಎನ್ನುತ್ತದೆ, ಸಿವಿ ಬೂಟು (ಚಕ್ರ ತಿರುಗಿಸುವ ಆಕ್ಸಲ್ ಕೀಲಿನ ಹೊದಿಕೆ) ಮಡಿಕೆಯಲ್ಲಿ ಸವೆದು ಗ್ರೀಸ್ ಕಾರುತ್ತದೆ. ಬಾರ್ ಗಡಸಾಯಿತೆಂದು ಬೈಯುವವರಿದ್ದಾರೆ. ಬಾರ್ ಅದೇ, ಚಕ್ರ ಕೆಳಗಿಳಿಯುವ ಜಾಗ ಹೋಗಿರುತ್ತದೆ, ಅಷ್ಟೆ.

ಜೋಡಿಸುವಾಗ ಚಕ್ರಗಳು ನೇತಾಡುವಂತೆ ಚಾಸಿಗೆ ಸ್ಟ್ಯಾಂಡ್ ಕೊಡಿ. ಕೀ ಬಿಚ್ಚಲು ಬಾರ್‌ನ ಬಿಗಿತ ಇಳಿಸುವ ಟಾರ್ಷನ್ ಬಾರ್ ಅನ್‌ಲೋಡರ್ ಟೂಲೇ ಬೇಕು. ಎರಡು ಕಾಲಿನ ಗೇರ್ ಪುಲ್ಲರ್ ಜಾರಿದರೆ ಕೈ ಹೋಗುತ್ತದೆ. ಎಡ, ಬಲ ಬಾರ್ ಅದಲುಬದಲಾಗಕೂಡದು, ಗುರುತು ಹಾಕಿ. ಸ್ವಲ್ಪ ಓಡಿಸಿದ ಮೇಲೆ ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳೆದು ಎರಡೂ ಬದಿ ಸರಿಮಾಡಿ. ಬೋಲ್ಟ್ ತಿರುಗಿಸುವ ಮುಂಚೆ ಮತ್ತೆ ಜ್ಯಾಕ್ ಹಾಕಿ, ಇಲ್ಲದಿದ್ದರೆ ಭಾರಕ್ಕೆ ಥ್ರೆಡ್ ಕಿತ್ತುಬಂದೀತು. ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ, ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟರೆ ಟೈರಿನ ಅಂಚು ಬೇಗ ಬೋಳಾಗುತ್ತದೆ. ಇಷ್ಟು ಬೆಲೆಗೆ ಎತ್ತಿದ ಎತ್ತರಕ್ಕೆ ಶಾಕ್ ಅಬ್ಸಾರ್ಬರ್ ಸಾಲುವಂತೆ ಮಾಡುವ ಶಾಕ್ ಎಕ್ಸ್‌ಟೆಂಡರ್ ಕೊಡದಿರುವುದು ಶುದ್ಧ ಜಿಪುಣತನ.