ಸ್ಪ್ಲೆಂಡರಾ, ಕ್ಲಾಸಿಕ್ಕಾ?

ಉಡುಪಿಯಿಂದ ಮಣಿಪಾಲಕ್ಕೆ ದಿನಾ ಹೋಗಿಬರಲು ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕ್ ತಗೊಳ್ಳಲಾ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಳ್ಳಲಾ ಅಂತ ಕೇಳಿದ್ದೀರಿ. ಖರ್ಚಿನಲ್ಲಿ ಸ್ಪ್ಲೆಂಡರ್‌ಗೆ ಎದುರಿಲ್ಲ. ಬೆಲೆ ಅರ್ಧಕ್ಕಿಂತ ಕಡಿಮೆ, ಪೆಟ್ರೋಲೂ ಕಡಿಮೆ ಸಾಕು.

ನನಗೆ ತೂಕವೇ ಮುಖ್ಯ. ಸ್ಪ್ಲೆಂಡರ್ 112 ಕಿಲೋ, ಕ್ಲಾಸಿಕ್ 195. ಮೀನು ಮಾರ್ಕೆಟ್ ಎದುರು ಇಳಿಜಾರಿನಲ್ಲಿ ನಿಲ್ಲಿಸಿದ ಕ್ಲಾಸಿಕ್ಕನ್ನು ಜಡಿಮಳೆಯಲ್ಲಿ ಹಿಂದಕ್ಕೆ ಎಳೆದು ನೋಡಿ. ಸೊಂಟವೇ ಉತ್ತರ ಹೇಳುತ್ತದೆ!

ಆದರೆ ಭಾನುವಾರ ಇಬ್ಬರು ಕೂತು ಆಗುಂಬೆ ಘಾಟಿ ಹತ್ತುವ ಚಟ ಇದ್ದರೆ ಸ್ಪ್ಲೆಂಡರಿನ 97 ಸಿಸಿ ಎಂಜಿನ್ ಏದುಸಿರು ಬಿಡುತ್ತದೆ. ಅಲ್ಲಿ ಕ್ಲಾಸಿಕ್ಕಿನ 349 ಸಿಸಿಯೇ ಆರಾಮ. ಹೈವೇ 66ರಲ್ಲಿ ಲಾರಿ ಪಕ್ಕದಲ್ಲೇ ಹಾದುಹೋದರೂ ಕ್ಲಾಸಿಕ್ ಅಷ್ಟಾಗಿ ಅಲುಗಾಡುವುದಿಲ್ಲ. ಬರೀ ಆಫೀಸಿಗಾದರೆ ಅಷ್ಟು ಭಾರ ಯಾಕೆ, ಅಲ್ವಾ?

ಇನ್ನು ತುಕ್ಕು. ಸ್ಪ್ಲೆಂಡರ್ ಚೈನಿಗೆ ಪೂರ್ತಿ ಕವರ್ ಇದೆ. ಕ್ಲಾಸಿಕ್ಕಿನದು ತೆರೆದದ್ದು, ಮಳೆಗಾಲದಲ್ಲಿ ಎಣ್ಣೆ ಡಬ್ಬಿ ಕೈಯಲ್ಲೇ ಇರಲಿ.